ನಲವತ್ತೊಂದು ಸೂಚನೆ, ಒಂದು ಮುಷ್ಟಿ ಪಾಚಿ

ಫೆಬ್ರವರಿ 4

ತಮ್ಮಾ,

ನಿನ್ನ ಪಾಚಿ ಸತ್ತಿತು. ಇದು ಮೂರನೆಯ ಸಲ. ಮೊದಲನೆಯದು ಸತ್ತಾಗ ಮರುಗಿದೆ, ಎರಡನೆಯದಕ್ಕೆ ನನ್ನನ್ನೇ ಬೈದುಕೊಂಡೆ, ಈಗ ನಿನ್ನನ್ನು ಬೈಯಲು ಕೂತಿದ್ದೇನೆ.

ನವೆಂಬರಿನಲ್ಲಿ ಹಡಗಿಗೆ ಹೊರಡುವ ದಿನ ನೀನು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಪಾತ್ರೆ ಉಜ್ಜೋ ನಾರಿನ ಉಂಡೆ ಥರ ಇರುತ್ತಕ್ಕಾ, ಯಾರ ಹಂಗೂ ಇಲ್ದೆ ತನ್ನಷ್ಟಕ್ಕೆ ಬೆಳೆಯುತ್ತೆ." ಹಾಲಿನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಹವಳ, ನಿನ್ನ ಎರಡು ಕಿತ್ತಳೆ ಮೀನು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಚಿಕ್ಕ ತೊಟ್ಟಿ, ಅದರಲ್ಲಿ ಈ ಮಹಾಶಯ ಪಾಚಿ. ಮೇಲಿನ ಕೊಳೆಯೆಲ್ಲ ಕೆಳಗೆ ಇಳಿದು ಬರಬೇಕು, ಪಾಚಿ ಅದನ್ನು ತಿಂದು ಕೊಬ್ಬಬೇಕು, ಹದಿನೈದು ದಿನಕ್ಕೊಮ್ಮೆ ನಾನು ಅರ್ಧ ಕಿತ್ತು ಎಸೆಯಬೇಕು. ಕೊಳೆ ಮನೆಯಿಂದಾಚೆ, ನೀರು ಮೇಲಕ್ಕೆ. ಕಾಗದದ ಮೇಲೆ ಎಷ್ಟು ಸೊಗಸು!

ಇಲ್ಲಿ ಆಗುತ್ತಿರುವುದೇ ಬೇರೆ. ಬೇಕಾದ ಪಾಚಿ ಬಿಳುಚಿಕೊಂಡು ಕರಗಿ ಗಂಜಿಯಾಗುತ್ತಿದೆ. ಬೇಡದ ಕಂದು ಲೋಳೆ ಮೇಲಿನ ಗಾಜು, ಕಲ್ಲು, ಹವಳ ಎನ್ನದೆ ಮನೆ ಅಳಿಯನ ಹಾಗೆ ಹರಡಿಕೊಂಡಿದೆ. ಹವಳಗಳು ಬಾಯಿ ಮುಚ್ಚಿಕೊಂಡು ಮೂರು ವಾರವಾಯಿತು.

ಇದರಲ್ಲಿ ನೀರು ಸರಬರಾಜು ಮಂಡಳಿಯ ಪಾತ್ರವಿದೆ ಎಂದು ನನಗೆ ಖಾತ್ರಿ. ದೊಡ್ಡ ಕೊಳವೆ ಒಡೆದ ವರ್ಷ ಇದೇ ಮಂಡಳಿ "ನೀರು ಕೇವಲ ಬಣ್ಣದಲ್ಲಿ ಕಂದು" ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತ್ತು. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಈಗ ಇನ್ನೊಂದು ದೂರು ಬರೆದಿದ್ದೇನೆ, ಎರಡು ನೆನಪೋಲೆ ಹಾಕಿದ್ದೇನೆ. ಉತ್ತರವಿಲ್ಲ. ನಾನು ತೊಟ್ಟಿಗೆ ಫಿಲ್ಟರ್ ನೀರನ್ನೇ ಹಾಕುತ್ತೇನೆ ನಿಜ. ಆದರೆ ಫಿಲ್ಟರಿಗೆ ನೀರು ಕೊಡುವವರು ಯಾರು?

ನೀನು ಬರೆದಿಟ್ಟು ಹೋದ ನಲವತ್ತೊಂದು ಸೂಚನೆಗಳ ಪಟ್ಟಿ ಕಪಾಟಿನ ಬಾಗಿಲಿಗೆ ಅಂಟಿಸಿದೆ. ಒಂದನ್ನೂ ಬಿಟ್ಟಿಲ್ಲ. ಟೈಮರ್ ಡಿಸೆಂಬರಿನಲ್ಲಿ ಸುಟ್ಟುಹೋದ ಮೇಲೆ ಪಾಚಿಯ ದೀಪವನ್ನು ನಾನೇ ಕೈಯಾರೆ ಹಾಕುತ್ತೇನೆ, ರಾತ್ರಿ ಸರಿಯಾಗಿ ಒಂಬತ್ತಕ್ಕೆ. ಒಂದು ದಿನವೂ ತಪ್ಪಿಲ್ಲ. ಹಗಲು ಹಾಕಲೇಬಾರದು ಎಂದು ಹದಿನೇಳನೆಯ ಸೂಚನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೀಯ. ಹಾಕಿಲ್ಲ.

ಏಳನೇ ಕ್ಲಾಸಿನಲ್ಲಿ ನೀನು ಒಂದು ರಟ್ಟಿನ ಡಬ್ಬಿ ರೇಷ್ಮೆಹುಳು ತಂದು "ಎರಡೇ ದಿನ ಅಕ್ಕಾ" ಎಂದು ನನ್ನ ಕೈಗೆ ಕೊಟ್ಟು ಸ್ಕೌಟ್ ಶಿಬಿರಕ್ಕೆ ಹೋದವನು ಹನ್ನೆರಡು ದಿನದ ಮೇಲೆ ಬಂದೆ. ಹಿಪ್ಪುನೇರಳೆ ಎಲೆಗಾಗಿ ನಾನು ಊರೆಲ್ಲ ಅಲೆದೆ. ಹುಳು ಬದುಕಿದವು, ನನ್ನ ಪರೀಕ್ಷೆ ಹೋಯಿತು. ನಾನು ಮರೆಯುವವಳಲ್ಲ. ನಲವತ್ತು ವರ್ಷ ಗ್ರಂಥಾಲಯದಲ್ಲಿ ಕಾರ್ಡು ಬರೆದವಳು.

ಆದ್ದರಿಂದ ಕೇಳು. ನಮ್ಮ ಬೀದಿಯ ಹಲ್ಲಿನ ಡಾಕ್ಟರರಿಗೆ ರೋಗಿಗಳು ಕಾಯುವ ಕೋಣೆಯಲ್ಲಿಡಲು ಈ ತೊಟ್ಟಿ ಬೇಕಂತೆ. ಏಪ್ರಿಲ್ ಹದಿನೈದರೊಳಗೆ ಪಾಚಿ ಬೆಳೆಯದಿದ್ದರೆ ತೊಟ್ಟಿ, ಮೀನು, ಕಲ್ಲು, ನಿನ್ನ ಪಟ್ಟಿ ಸಮೇತ ಅವರಿಗೆ. ಮೀನು ನನ್ನ ಕೈಯಲ್ಲಿ ಸಾಯುವುದು ನನಗೆ ಬೇಡ.

ಫೋನಾದರೂ ಮಾಡಬಾರದೇ? ಜನವರಿಯಿಂದ ಒಂದು ಸಲವೂ ನಿನ್ನ ದನಿ ಕೇಳಿಲ್ಲ.

ಅಕ್ಕ


ಫೆಬ್ರವರಿ 16
ಹಡಗಿನಿಂದ

ಅಕ್ಕಾ,

ನಿನ್ನ ಕಾಗದ ಕಂಪನಿಯ ಬಂದರು ಕಚೇರಿಗೆ ಹೋಗಿ, ಅಲ್ಲಿಂದ ಸಾಮಾನಿನ ದೋಣಿ ಹತ್ತಿ ಬರುವಷ್ಟರಲ್ಲಿ ತಡವಾಯಿತು. ಹಡಗಿನ ಫೋನು ಸರಿಯಿಲ್ಲ. ಬರೆಯುವುದೇ ಒಳ್ಳೆಯದು.

ಮೂರು ಪುಟ ಬರೆದಿದ್ದೀಯ. ಅದರಲ್ಲಿ ನೀರು ಮಂಡಳಿಗೆ ಒಂದು ಪುಟ, ರೇಷ್ಮೆಹುಳುವಿಗೆ ಅರ್ಧ. ನೈಟ್ರೇಟ್ ಎಷ್ಟಿದೆ ಎಂದು ಒಂದು ಸಾಲೂ ಇಲ್ಲ! ಎಂಜಿನ್ ಕೆಟ್ಟರೆ ನಾವು ಮೊದಲು ಬೈಯುವುದಿಲ್ಲ, ಮೊದಲು ಅಳೆಯುತ್ತೇವೆ.

ಪಾಚಿಗೆ ಬೇಕಾಗಿರುವುದು ನಾಲ್ಕೇ: ತಿನ್ನಲು ಕೊಳೆ, ಮೈ ತಿರುಗಿಸಲು ನೀರಿನ ಹರಿವು, ಚಿಟಿಕೆ ಕಬ್ಬಿಣ, ಬೆಳಕು. ಯಾವುದು ಕಡಿಮೆ ಎಂದು ಕಂಡುಹಿಡಿಯುವುದಕ್ಕೆ ಗ್ರಂಥಾಲಯ ಬೇಕಾಗಿಲ್ಲ. ನೈಟ್ರೇಟ್, ಫಾಸ್ಫೇಟ್ ಪರೀಕ್ಷೆಯ ಡಬ್ಬಿಗಳು ಮೇಲಿನ ಗೂಡಿನಲ್ಲಿವೆ. ನೀರಿಗೆ ಹನಿ ಹಾಕಿ, ಬಣ್ಣವನ್ನು ಚೀಟಿಗೆ ಹೋಲಿಸು. ಉಂಡೆ ನೀರಿನಲ್ಲಿ ನಿಧಾನಕ್ಕೆ ಉರುಳುತ್ತಿದೆಯೋ, ಮೂಲೆಯಲ್ಲಿ ಬಿದ್ದಿದೆಯೋ ನೋಡು. ಕೊನೆಯದಾಗಿ, ದಯವಿಟ್ಟು ನಿಜ ಹೇಳು, ನಲ್ಲಿಯ ನೀರಿನಲ್ಲಿ ಅದನ್ನು ತೊಳೆದೆಯಾ? ನಿನ್ನ ಕೈಗೆ ಸಿಕ್ಕಿದ್ದನ್ನು ತೊಳೆಯದೆ ಬಿಡುವವಳಲ್ಲ ನೀನು. ಸಿಹಿನೀರು ಅದಕ್ಕೆ ವಿಷ.

ಬೆಳಕಿನ ಬಗ್ಗೆ ನಿನ್ನ ಮಾತು ನಂಬಿದ್ದೇನೆ.

ಹಲ್ಲಿನ ಡಾಕ್ಟರ ಮಾತು ಎತ್ತಬೇಡ. ಆ ಮೀನುಗಳಿಗೆ ಹದಿನೇಳು ವರ್ಷ. ಬಾಡಿಗೆ ಮನೆ ಬಿಟ್ಟ ಮೇಲೆ ನೆಲದ ಮೇಲೆ ನನ್ನದು ಎಂದು ಉಳಿದಿರುವುದು ಆ ತೊಟ್ಟಿಯೊಂದೇ.

ನಿನ್ನ ತಮ್ಮ


ಮಾರ್ಚ್ 8

ತಮ್ಮಾ,

ಅಳೆದಿದ್ದೇನೆ. ಬರೆದುಕೋ. ನೈಟ್ರೇಟ್ ನಲವತ್ತು. ಚೀಟಿಯ ಮೇಲೆ ಆ ಬಣ್ಣಕ್ಕೆ "ಕಡು ಗುಲಾಬಿ" ಎಂದಿದೆ, ನನ್ನ ಕಣ್ಣಿಗೆ ಇಟ್ಟಿಗೆ. ಇಂಥ ಚೀಟಿ ಅಚ್ಚು ಹಾಕಿದವರಿಗೆ ಬಣ್ಣಗಳ ಹೆಸರು ಯಾರು ಕಲಿಸಿದರೋ! ಫಾಸ್ಫೇಟ್ ಕೂಡ ಚೀಟಿಯ ಕೊನೆಯ ಚೌಕ ಮುಟ್ಟಿದೆ. ಶಾಖ ಇಪ್ಪತ್ತಾರು. ಉಪ್ಪು ನೀನು ಹೇಳಿದಷ್ಟೇ. ಉಂಡೆ ನಿಧಾನಕ್ಕೆ ಉರುಳುತ್ತದೆ. ಅಂದರೆ ಊಟ ಬೇಕಾದಷ್ಟಿದೆ, ಹರಿವಿದೆ, ಮೇಲೊಂದು ತೊಟ್ಟಿ ತುಂಬ ಕೊಳೆ ಕಾಯುತ್ತಿದೆ. ಆದರೂ ನಿನ್ನ ಪಾಚಿ ಉಪವಾಸ ಬಿದ್ದು ಸಾಯುತ್ತಿದೆ.

ನಲ್ಲಿಯ ನೀರಿನಲ್ಲಿ ತೊಳೆಯಲಿಲ್ಲ. ಮೊದಲ ಸಲ ಮಾತ್ರ ತೊಳೆದೆ. ಪಟ್ಟಿಯಲ್ಲಿ ಬೇಡ ಎಂದು ಬರೆದಿರಲಿಲ್ಲ.

ಅಂಗಡಿಯವನು ಮೊನ್ನೆ ನಾಲ್ಕನೆಯ ಉಂಡೆ ಹಿಡಿದು ಮನೆಗೇ ಬಂದ. ಪಕ್ಕದ ಮನೆಯ ಟೈಲರಮ್ಮ ಕರೆಸಿದಳು. ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಲೆ ಕೆರೆದುಕೊಂಡ.

"ಇಪ್ಪತ್ತು ವರ್ಷದಲ್ಲಿ ಇದೇ ಮೊದ್ಲಮ್ಮ. ಎಲ್ರೂ ಪಾಚಿ ಬೆಳೀತಿದೆ ಅಂತ ಅಳ್ತಾ ಬರ್ತಾರೆ, ನೀವು ಬೆಳೀತಿಲ್ಲ ಅಂತ."

"ಬೆಳೀತಿರೋದೂ ಇದೆಯಲ್ಲ, ಗಾಜು ನೋಡಿ."

"ಅಯ್ಯೋ, ಇದು ಬೇಡದ್ದು."

"ಅದಕ್ಕೆ ಹೇಳಿ ಹೋಗಿ. ನಾನು ಹೇಳಿ ಸಾಕಾಯ್ತು."

ಅವನು ಕಬ್ಬಿಣದ ಹನಿ ಕೊಟ್ಟ. ಪಾಚಿಯನ್ನು ಮೂಸಿ ನೋಡಿದ. ಆಮೇಲೆ ದೀಪದ ಕಡೆ ಬೆರಳು ಮಾಡಿದ.

"ದೀಪ ಎಷ್ಟು ಗಂಟೆಗೆ ಹಾಕ್ತೀರಿ?"

"ಪಟ್ಟಿಯಲ್ಲಿ ಏನಿದೆ ನೋಡ್ಕೊಳ್ಳಿ. ಒಂಬತ್ತಕ್ಕೆ."

ಟೈಲರಮ್ಮ ಕೆಮ್ಮಿದಳು. ಆಕೆಗೆ ಈಚೆಗೆ ಕೆಮ್ಮು ಜಾಸ್ತಿ.

"ನನಗನ್ಸುತ್ತೆ, ಪಾಚಿ ಮುನಿಸ್ಕೊಂಡಿದೆ," ಎಂದಳು. "ನಮ್ಮತ್ತೆ ಹಿಂಗೇ. ಕೇಳಿದ್ದನ್ನ ಕೊಡಲ್ಲ, ಯಾಕೆ ಅಳ್ತೀಯ ಅಂತ ಮಾತ್ರ ನೂರು ಸಲ ಕೇಳೋರು."

ನನ್ನ ಮನೆಯಲ್ಲಿ ನಿಂತು ಆಕೆಗೆ ಇಷ್ಟು ಬಾಯಿ.

ಗಂಡುಮೀನು ಮಂಕಾಗಿದೆ. ಬೆಳಿಗ್ಗೆ ಐದಕ್ಕೆ ಹೆಣ್ಣು ಮೂಲೆ ಬಿಟ್ಟು ಬಂದು ಅದರ ಪಕ್ಕೆಗೆ ಒಂದು ಗುದ್ದು ಕೊಡುತ್ತದೆ, ಏಳು ಎನ್ನುವ ಹಾಗೆ. ಅದು ಏಳುವುದು ಆರಕ್ಕೆ. ನಿನ್ನಂತೆಯೇ.

ಅಕ್ಕ


ಮಾರ್ಚ್ 16

ಅಕ್ಕಾ,

ಗಂಡುಮೀನಿನ ಸುದ್ದಿ ಓದಿ ತಡೆಯಲಾರದೆ ತಕ್ಷಣ ಬರೆಯುತ್ತಿದ್ದೇನೆ.

ನಿನ್ನ ಲೆಕ್ಕದ ಪ್ರಕಾರ ಊಟವಿದೆ, ಹರಿವಿದೆ, ಕಬ್ಬಿಣವೂ ಬಿತ್ತು. ಉಳಿದಿರುವುದು ಬೆಳಕು. ನೀನು ಒಂಬತ್ತಕ್ಕೆ ಹಾಕುತ್ತೀಯ ಎಂದ ಮೇಲೆ ದೀಪವೇ ಮುಪ್ಪಾಗಿರಬೇಕು. ಉರಿಯುವ ಹಾಗೆ ಕಂಡರೂ ಶಕ್ತಿ ಹೋಗಿರುತ್ತದೆ. ಅಂಗಡಿಯವನಿಗೆ ಹೇಳಿ ಹೊಸದು ಹಾಕಿಸು, ಗುಲಾಬಿ ಬೆಳಕಿನದೇ, ಮೊದಲಿನದಕ್ಕಿಂತ ದೊಡ್ಡದು.

ನೀನು ನಂಬದಿದ್ದರೆ ಎಂದು ನಾನೇ ಪರೀಕ್ಷೆ ಮಾಡಿದ್ದೇನೆ. ಇದೇ ಜಾತಿಯ ಪಾಚಿ ಒಂದು ಚಿಟಿಕೆ ಸಂಪಾದಿಸಿ, ಬಾಟಲಿಯಲ್ಲಿ ಸಮುದ್ರದ ನೀರು ತುಂಬಿ, ಕಿಟಕಿಯಲ್ಲಿಟ್ಟೆ. ಪಟ್ಟಿ ಇಲ್ಲ, ಹನಿ ಇಲ್ಲ, ಮಂಡಳಿ ಇಲ್ಲ. ಒಂಬತ್ತು ದಿನಕ್ಕೆ ದುಪ್ಪಟ್ಟಾಗಿದೆ! ಹಾಗಾದರೆ ತಪ್ಪು ಪಾಚಿಯದಲ್ಲ ಅಲ್ಲವೇ ಅಕ್ಕಾ?

ಕಿವಿ ಹಿಡಿದು ಕೇಳುತ್ತೇನೆ, ಡಾಕ್ಟರಿಗೆ ಮಾತು ಕೊಡಬೇಡ.

ತಮ್ಮ


ಮಾರ್ಚ್ 22

"ತಪ್ಪು ಪಾಚಿಯದಲ್ಲ."

ಈ ಸಾಲನ್ನು ನಾಲ್ಕು ಸಲ ಓದಿದೆ. ಹಾಗಾದರೆ ಯಾರದು? ಹೇಳುವುದನ್ನು ನೇರವಾಗಿ ಹೇಳುವ ಅಭ್ಯಾಸ ನಿನಗೆ ಹುಟ್ಟಿನಿಂದ ಇಲ್ಲ. ಅಪ್ಪನ ಕಾಯಿಲೆಯಲ್ಲಿಯೂ ಹೀಗೇ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ನೀನು ಯಾವುದೋ ಸಮುದ್ರದ ನಡುವಿನಿಂದ "ದ್ರವ ಪದಾರ್ಥ ಕೊಡು, ಗಾಳಿ ಆಡಲಿ" ಎಂದು ಎರಡು ಪುಟ ಬರೆದೆ. ಆ ಕಾಗದ ಬಂದದ್ದು ಅಪ್ಪ ಹೋದ ಆರನೆಯ ದಿನ. ದೂರದಲ್ಲಿದ್ದು ಸೂಚನೆ ಕೊಡುವುದು ಬಹಳ ಸುಲಭದ ಉದ್ಯೋಗ. ನಮ್ಮ ಮಂಡಳಿಯ ಮುಖ್ಯ ಎಂಜಿನಿಯರೂ ಅದನ್ನೇ ಮಾಡುತ್ತಾರೆ.

ಹೊಸ ದೀಪ ಬಂದಿದೆ. ಹಾಲಿನ ಗೋಡೆಯೆಲ್ಲ ಸರ್ಕಸ್ಸಿನ ಡೇರೆಯಾಗುತ್ತದೆ. ಕಪಾಟಿನ ಬಾಗಿಲು ಮುಚ್ಚಿದರೂ ಸಂದಿಯಿಂದ, ಹಿಂದಿನ ಪೈಪಿನ ತೂತಿನಿಂದ ಚಿಮ್ಮುತ್ತದೆ. ಮೇಲೆ ಒಂದು ಫ್ಯಾನು ಬೇರೆ, ದುಂಬಿಯ ಹಾಗೆ ಗುಂಯ್‌ಗುಡುತ್ತದೆ. ಇಂಥದ್ದರ ಪಕ್ಕದಲ್ಲಿ ಯಾವ ಜೀವ ನೆಮ್ಮದಿಯಾಗಿರುತ್ತದೆ?

ನಾಲ್ಕನೆಯ ಉಂಡೆಯೂ ಬಿಳುಚಿದೆ. ಗಂಡುಮೀನು ಎರಡು ದಿನದಿಂದ ತಿನ್ನುತ್ತಿಲ್ಲ. ಹದಿನೈದರವರೆಗೆ ಕಾಯುವುದಿಲ್ಲ. ಡಾಕ್ಟರರಿಗೆ ಹೇಳಿಕಳಿಸಿದ್ದೇನೆ. ಏಪ್ರಿಲ್ ಹತ್ತಕ್ಕೆ ಆಳುಗಳನ್ನು ಕರೆದುಕೊಂಡು ಬಂದು ತೊಟ್ಟಿ ಒಯ್ಯುತ್ತಾರೆ. ಅಲ್ಲಿಯಾದರೂ ಅವು ಬದುಕಲಿ.

ಅಕ್ಕ


ಮಾರ್ಚ್ 30

ಅಕ್ಕಾ,

ಈ ಕಾಗದವನ್ನು ಸಿಟ್ಟಿನಲ್ಲಿ ಶುರುಮಾಡಿ ಮೂರು ಸಲ ಹರಿದೆ. ಹರಿದ ಚೂರುಗಳ ಪಕ್ಕದಲ್ಲಿ ನಿನ್ನ ಮೂರೂ ಕಾಗದಗಳನ್ನು ಸಾಲಾಗಿ ಇಟ್ಟು ನೋಡಿದೆ. ಎಂಜಿನ್ ಹಾಗೆ, ಒಂದೊಂದೇ ಭಾಗ.

ಒಂದು. ಬೆಳಿಗ್ಗೆ ಐದಕ್ಕೆ ಹೆಣ್ಣುಮೀನು ಗುದ್ದುವುದು ನಿನಗೆ ಹೇಗೆ ಗೊತ್ತು? ನೀನು ಮಲಗುವುದು ಮಹಡಿಯ ಮೇಲೆ. ಏಳುವುದು ಆರೂವರೆಗೆ.

ಎರಡು. ಅಂಗಡಿಯವನನ್ನು "ಟೈಲರಮ್ಮ ಕರೆಸಿದಳು." ಡಾಕ್ಟರಿಗೆ "ಹೇಳಿಕಳಿಸಿದ್ದೇನೆ." ಐದು ಮನೆ ಆಚೆಗಿರುವ ಮನುಷ್ಯನಿಗೆ ಹೇಳಿಕಳಿಸುವವಳಾ ನೀನು? ಮಂಡಳಿಯ ಕಚೇರಿಗೇ ನಡೆದುಕೊಂಡು ಹೋಗಿ ಮೇಜು ಗುದ್ದಿದವಳು.

ಮೂರು. ನಿನ್ನ ಸಾಲುಗಳು ಬಲಕ್ಕೆ ಹೋಗುತ್ತ ಕೆಳಗೆ ಜಾರಿವೆ. ಗೆರೆ ಇಲ್ಲದ ಕಾಗದದಲ್ಲಿ ಕೂಡ ನೇರ ಬರೆಯುವವಳು ನೀನು. ಇದು ಮೇಜಿನ ಮೇಲೆ ಬರೆದದ್ದಲ್ಲ. ಒರಗಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆದದ್ದು.

ನಾಲ್ಕು. "ಇಂಥದ್ದರ ಪಕ್ಕದಲ್ಲಿ ಯಾವ ಜೀವ ನೆಮ್ಮದಿಯಾಗಿರುತ್ತದೆ?" ಇದು ಮೀನಿನ ಬಗ್ಗೆ ಬರೆದ ಸಾಲಲ್ಲ.

ನೀನು ಹಾಲಿನಲ್ಲಿ ಮಲಗುತ್ತಿದ್ದೀಯ. ಮೆಟ್ಟಿಲು ಹತ್ತಲಾಗುತ್ತಿಲ್ಲ. ದೀಪವನ್ನು ಒಂಬತ್ತಕ್ಕೆ ಹಾಕುತ್ತೀಯ, ಅದು ಸುಳ್ಳಲ್ಲ. ಎಷ್ಟು ಗಂಟೆಗೆ ಆರಿಸುತ್ತೀಯ, ಅದನ್ನು ಮೂರು ಕಾಗದದಲ್ಲೂ ಹೇಳಿಲ್ಲ. ಒಂಬತ್ತೂವರೆಗಾ?

ನಾನು ಹೇಳಿದ್ದು ಹತ್ತು ಗಂಟೆಯ ಬೆಳಕು. ಅರ್ಧ ಗಂಟೆಯ ಬೆಳಕಿನಲ್ಲಿ ಯಾವ ಗಿಡ ಬದುಕುತ್ತದೆ?

ಎಲ್ಲಿ ಬಿದ್ದೆ? ಯಾವಾಗ? ಮೂಳೆ ಮುರಿದಿದೆಯಾ? ಪಾಚಿ ಹಾಳಾಗಿ ಹೋಗಲಿ. ಮೊದಲು ಇದಕ್ಕೆ ಉತ್ತರ ಬರೆ.

ಇನ್ನೊಂದು ಹೇಳಿ ಮುಗಿಸುತ್ತೇನೆ, ಹೇಳದಿದ್ದರೆ ತಲೆ ಸಿಡಿಯುತ್ತದೆ. ರಾತ್ರಿ ಮೇಲಿನ ತೊಟ್ಟಿ ಕತ್ತಲಾದಾಗ ಕೆಳಗೆ ಬೆಳಕಿದ್ದರೆ ನೀರಿನ ಗುಣ ಏರುಪೇರಾಗುವುದಿಲ್ಲ ಎಂದು ಹಾಗೆ ಬರೆದಿದ್ದೆ, ಅಷ್ಟೆ. ಅದೊಂದು ನಾಜೂಕು. ಹಗಲು ಹಾಕಿದ್ದರೂ ಅದು ಬೆಳೆಯುತ್ತಿತ್ತು ಅಕ್ಕಾ! ಹಗಲು ಹಾಕಿದ್ದರೂ ಬೆಳೆಯುತ್ತಿತ್ತು!

ತಮ್ಮ


ಮಾರ್ಚ್ 30

ತಮ್ಮಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕೆಲಸವಿಲ್ಲದ ಕೈಗೆ ಹಳೆಯ ಫೈಲು ಸಿಕ್ಕಿತು.

ಹನ್ನೆರಡು ವರ್ಷದ ಹಿಂದೆ, ಸೆಪ್ಟೆಂಬರ್ 14ರ ನಿನ್ನ ಕಾಗದ ನನ್ನ ಮುಂದಿದೆ. "ನನ್ನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಎಂಜಿನ್ನಿನ ಗೋಡೆಗೆ ಅಂಟಿಕೊಂಡಿದೆ. ಕಿಟಕಿ ಎಂಬುದನ್ನು ಮರೆತಿದ್ದೇನೆ." ಅದೇ ಹಡಗು, ಅದೇ ಕೋಣೆ, ಹೋದ ವರ್ಷವೂ ಅದನ್ನೇ ಗೊಣಗಿದ್ದೆ. ಈಗ ಬಾಟಲಿ ಇಡುವುದಕ್ಕೆ ಕಿಟಕಿ ಎಲ್ಲಿಂದ ಬಂತು? ಸಮುದ್ರದ ತಳದಲ್ಲಿ ಕೇಬಲ್ ಹಾಕುವವರಿಗೆ ಅಂಗಡಿಯ ಪಾಚಿ ಚಿಟಿಕೆಯಷ್ಟು ಯಾರು ತಂದುಕೊಟ್ಟರು?

ಹಡಗಿನಿಂದ ನಿನ್ನ ಕಾಗದ ಬರುವುದಕ್ಕೆ ಹದಿನೆಂಟರಿಂದ ಇಪ್ಪತ್ತು ದಿನ. ಮೂವತ್ತು ವರ್ಷದಲ್ಲಿ ಅದಕ್ಕಿಂತ ಬೇಗ ಬಂದದ್ದಿಲ್ಲ. ಮಾರ್ಚ್ ಹದಿನಾರರದ್ದು ನಾಲ್ಕು ದಿನದಲ್ಲಿ ಬಂತು. ಅಂಚೆ ಇಲಾಖೆ ಸುಧಾರಿಸಿದೆ ಎಂದು ನಂಬುವಷ್ಟು ನಾನಿನ್ನೂ ಕೆಟ್ಟಿಲ್ಲ. ಮುದ್ರೆ ಬಂದರಿನದು.

ನೀನು ನೆಲದ ಮೇಲಿದ್ದೀಯ. ಯಾವುದೋ ಲಾಡ್ಜಿನ ಕಿಟಕಿಯ ಪಕ್ಕ ಕೂತು "ಹಡಗಿನಿಂದ" ಎಂದು ತಲೆಬರಹ ಹಾಕಿದ್ದೀಯ. ಒಂದು ದಿನದ ರೈಲಿನ ದಾರಿಯಲ್ಲಿದ್ದು ಸಾಯುತ್ತಿರುವ ಮೀನು ನೋಡಲು ಬರುವುದಿಲ್ಲ, ಫೋನು ಮಾಡುವುದಿಲ್ಲ, ಅಲ್ಲಿಂದಲೇ ನನಗೆ ನೈಟ್ರೇಟ್ ಪಾಠ ಮಾಡುತ್ತೀಯ!

ಯಾಕೆ? ಯಾರಾದರೂ ಸಿಕ್ಕಿದ್ದಾರೋ? ಸಿಕ್ಕಿದ್ದರೆ ಸಂತೋಷ, ಆದರೆ ಬಾಯಿಬಿಟ್ಟು ಹೇಳು. ನನ್ನ ಮನೆಯೇ ಬೇಡವಾಗಿದ್ದರೆ ಅದನ್ನೂ ಹೇಳು. ಹಾಗಿದ್ದರೆ ಹತ್ತನೆಯ ತಾರೀಖಿಗೆ ನನಗೆ ಎಳ್ಳಷ್ಟೂ ಬೇಸರವಿರುವುದಿಲ್ಲ.

ಅಕ್ಕ


ಏಪ್ರಿಲ್ 3

ಅಕ್ಕಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ. ನಿನ್ನದನ್ನು ಓದಿ ನಗು ಬಂತು, ಆಮೇಲೆ ಬರಲಿಲ್ಲ.

ಯಾರೂ ಸಿಕ್ಕಿಲ್ಲ. ಜನವರಿಯಲ್ಲಿ ಕಂಪನಿಯ ವೈದ್ಯಕೀಯ ಪರೀಕ್ಷೆಯಾಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಮೂವತ್ತು ವರ್ಷ ಎಂಜಿನ್ನಿನ ಪಕ್ಕ ಇದ್ದುದರ ಫಲ. "ಎಂಜಿನ್ ಕೋಣೆಗೆ ಅನರ್ಹ" ಎಂದು ಬರೆದು ಇಳಿಸಿದರು. ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಬರೀ ಗೊರಗೊರ. ನಿನ್ನ ದನಿ ಹಾಗೆ ಕೇಳುವುದು ಬೇಡವೆನಿಸಿತು. ಲಾಡ್ಜಿನ ಮೂರನೆಯ ಮಹಡಿಯಲ್ಲಿದ್ದೇನೆ. ಕೆಳಗೆ ಹಗ್ಗದ ಅಂಗಡಿ, ಅದರ ಪಕ್ಕದಲ್ಲೇ ಒಂದು ಮೀನಿನ ಅಂಗಡಿ, ಪಾಚಿ ಅಲ್ಲಿಯದು. ಮೊದಲ ಕಾಗದ ಬರೆದು ಹಡಗಿನ ಅಂಚೆಯ ಹಾಗೆ ಕಾಣಲಿ ಎಂದು ಹದಿನಾಲ್ಕು ದಿನ ಮೇಜಿನ ಮೇಲೆ ಇಟ್ಟಿದ್ದೆ. ಎರಡನೆಯದನ್ನು ಇಡಲಾಗಲಿಲ್ಲ. ಗಂಡುಮೀನು ಮಂಕಾಗಿದೆ ಎಂದಿದ್ದೆಯಲ್ಲ.

ಯಾಕೆ ಬರಲಿಲ್ಲ ಎಂದು ಕೇಳಿದ್ದೀಯ. ನಿನಗೆ ಎಲ್ಲವೂ ನೆನಪಿರುತ್ತದೆ ಎಂದುಕೊಂಡಿದ್ದೆ. ಅಪ್ಪ ಹೋದ ಮೇಲೆ ನಾನು ಮತ್ತೆ ಹೊರಟ ದಿನ, ಊಟದ ಮೇಜಿನ ಆ ಕಡೆ ನಿಂತು ನೀನು ಹೇಳಿದೆ: "ಹೋಗು. ಒಂದು ದಿನ ಆ ಸಮುದ್ರವೇ ನಿನ್ನನ್ನ ಉಗಿದು ಹಾಕುತ್ತೆ. ಆಗ ಮಾತ್ರ ನನ್ನ ಬಾಗಿಲಿಗೆ ಬರಬೇಡ."

ಉಗಿದು ಹಾಕಿತು. ಅದಕ್ಕೇ ಬರಲಿಲ್ಲ.

ನಿನ್ನ ಕಾಲು ಹೇಗಿದೆ, ಬರೆ.

ತಮ್ಮ


ಏಪ್ರಿಲ್ 8

ತಮ್ಮಾ,

ನಿನ್ನ ಎರಡೂ ಕಾಗದ ಬಂದಿವೆ. ಕ್ರಮವಾಗಿ ಉತ್ತರಿಸುತ್ತೇನೆ.

ಡಿಸೆಂಬರ್ ಹದಿನೇಳರಂದು ಮೆಟ್ಟಿಲ ಮೇಲಿಂದ ಬಿದ್ದೆ, ಕೈಯಲ್ಲಿ ನಾಲ್ಕು ಪುಸ್ತಕ ಇದ್ದವು. ಸೊಂಟದ ಮೂಳೆಯಲ್ಲಿ ಬಿರುಕು. ಟೈಲರಮ್ಮ ಮತ್ತು ಆಕೆಯ ಗಂಡ ಮಂಚವನ್ನು ಕೆಳಗೆ ತಂದರು. ಹಾಲಿನಲ್ಲಿ ಅದಕ್ಕೆ ಜಾಗವಿದ್ದದ್ದು ನಿನ್ನ ತೊಟ್ಟಿಯ ಪಕ್ಕ ಮಾತ್ರ. ನಿನಗೆ ಬರೆಯಲಿಲ್ಲ, ಬರೆದರೆ ಕೆಲಸ ಬಿಟ್ಟು ಬರುತ್ತೀಯ, ಆಮೇಲೆ ಜೀವಮಾನವಿಡೀ ಅದನ್ನು ಹೇಳಿ ತೋರಿಸುತ್ತೀಯ ಎಂದುಕೊಂಡೆ. ಬಿಡಲು ನಿನ್ನ ಬಳಿ ಕೆಲಸವೇ ಇರಲಿಲ್ಲ ಎಂದು ನನಗೇನು ಗೊತ್ತು? ದೀಪ ಒಂಬತ್ತೂವರೆಗಲ್ಲ, ಒಂಬತ್ತೂ ಇಪ್ಪತ್ತಕ್ಕೇ ಆರಿಸುತ್ತಿದ್ದೆ, ಆ ಬೆಳಕಿನ ಪಕ್ಕ ನಿದ್ದೆ ಬರುತ್ತಿರಲಿಲ್ಲ. ಎರಡನೆಯ ಉಂಡೆ ಸತ್ತಾಗಲೇ ಕಾರಣ ನನಗೆ ಗೊತ್ತಾಗಿತ್ತು. ನೀರು ಮಂಡಳಿಗೆ ಬರೆಯುವುದು ಅದಕ್ಕಿಂತ ಸುಲಭವಾಗಿತ್ತು. ಅವರಿಗೆ ಕ್ಷಮೆ ಕೇಳಿ ಬರೆಯುವುದಿಲ್ಲ. ಕೊಳವೆ ಒಡೆದ ವರ್ಷದ ಬಾಕಿ ಇನ್ನೂ ಇದೆ.

ಹಗಲು ಹಾಕಿದ್ದರೂ ಬೆಳೆಯುತ್ತಿತ್ತು ಎಂದು ಈಗ ಹೇಳುತ್ತೀಯ! ಕೆಂಪು ಶಾಯಿಯಲ್ಲಿ "ಹಗಲು ಹಾಕಲೇಬಾರದು" ಎಂದು ಬರೆಯುವಾಗ, ಓದುವವಳು ಯಾರು ಎಂದು ನೆನಪಿರಲಿಲ್ಲವೇ? ನಲವತ್ತು ವರ್ಷ ನಿಯಮ ಓದಿ ನಿಯಮ ಪಾಲಿಸಿದವಳಿಗೆ "ಅದೊಂದು ನಾಜೂಕು, ಅಷ್ಟೆ" ಎಂದು ಬಾಯಿಮಾತಿಗಾದರೂ ಹೇಳಬೇಕಿತ್ತು. ನಾಲ್ಕು ಉಂಡೆಗಳ ಪಾಪದಲ್ಲಿ ಅರ್ಧ ನಿನ್ನದು.

ನಿನ್ನ ಕಾಗದ ಸಿಕ್ಕ ದಿನದಿಂದ, ಅಂದರೆ ಮೂರರಿಂದ, ಬೆಳಿಗ್ಗೆ ಎಂಟಕ್ಕೆ ಹಾಕಿ ಸಂಜೆ ಆರಕ್ಕೆ ಆರಿಸುತ್ತಿದ್ದೇನೆ. ನಾಲ್ಕನೆಯ ಉಂಡೆಯಲ್ಲಿ ಒಂದು ಮುಷ್ಟಿಯಷ್ಟು ಜೀವ ಉಳಿದಿತ್ತು. ಇವತ್ತು ಅದರ ತುದಿಗಳು ತಿಳಿಹಸಿರು. ಟೈಲರಮ್ಮ ಬಗ್ಗಿ ನೋಡಿ, "ಈಗ ಮಾತಾಡ್ತಿದೆ ನೋಡಿ," ಎಂದಳು. ಕೆಮ್ಮು ಪೂರ್ತಿ ವಾಸಿಯಾಗಿದೆ ಆಕೆಗೆ. ಗಂಡುಮೀನು ನಿನ್ನೆ ಎರಡು ಕಾಳು ತಿಂದಿತು. ಹೆಣ್ಣು ಮೂರನೆಯದನ್ನು ಕಸಿದುಕೊಂಡಿತು, ಅದೂ ಒಳ್ಳೆಯ ಲಕ್ಷಣವೇ.

ಹಲ್ಲಿನ ಡಾಕ್ಟರರಿಗೆ ಬೇಡವೆಂದು ಹೇಳಿಕಳಿಸಿದೆ. ಕೋಲು ಹಿಡಿದು ಐದು ಮನೆ ನಡೆಯಲು ಇನ್ನೂ ಆಗುವುದಿಲ್ಲ.

ಈಗ ಊಟದ ಮೇಜಿನ ಮಾತು. ಮೂವತ್ತು ವರ್ಷದ ಫೈಲನ್ನು ಎರಡು ದಿನ ಕೂತು ಹುಡುಕಿದೆ. ಇಲ್ಲ. ಆ ದಿನ ನನಗೆ ನೆನಪಿದೆ. ನೀನು ಹಾಕಿದ್ದ ಬೂದು ಅಂಗಿ, ಅದರ ಎರಡನೆಯ ಗುಂಡಿ ಬೇರೆ ಬಣ್ಣದ್ದು, ಬಾಗಿಲಲ್ಲಿ ಇಟ್ಟಿದ್ದ ನಿನ್ನ ಪೆಟ್ಟಿಗೆ, ಎಲ್ಲ ಇದೆ. ಆ ಮಾತು ಮಾತ್ರ ಇಲ್ಲ. ಬರೆದದ್ದನ್ನೆಲ್ಲ ಇಟ್ಟುಕೊಂಡವಳು, ಆಡಿದ್ದನ್ನು ಇಟ್ಟುಕೊಳ್ಳಲಿಲ್ಲ. ಅದನ್ನು ನೀನು ಇಟ್ಟುಕೊಂಡೆ. ನೀನು ಕಟ್ಟಿ ಹೇಳಿದ್ದಲ್ಲ ಎಂದು ಗೊತ್ತು. ಲೇಖಕರ ಹೆಸರು ಹರಿದುಹೋದ ಪುಸ್ತಕಗಳನ್ನು ಧಾಟಿ ನೋಡಿಯೇ ಎಷ್ಟೋ ಸಲ ಗುರುತಿಸಿದ್ದೇನೆ. ಆ ಧಾಟಿ ನನ್ನದೇ.

ನಿವೃತ್ತಿಯ ದಿನ ಗ್ರಂಥಾಲಯದಿಂದ ನಾನು ತಂದ ರಬ್ಬರ್ ಮುದ್ರೆಯೊಂದಿದೆ, ಯಾರಿಗೂ ಹೇಳಬೇಡ. ನಿನ್ನ ಏಪ್ರಿಲ್ ಮೂರರ ಕಾಗದವನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. ಆ ಸಾಲಿನ ಮೇಲೆ ಮುದ್ರೆ ಒತ್ತಿದ್ದೇನೆ, ನೋಡು. "ಸಂಗ್ರಹದಿಂದ ತೆಗೆದುಹಾಕಲಾಗಿದೆ." ದಿನಾಂಕ ಹಾಕಿ ಸಹಿ ಮಾಡಿದ್ದೇನೆ. ಇನ್ನು ಅದು ನನ್ನ ಬಳಿಯೂ ಇಲ್ಲ, ನಿನ್ನ ಬಳಿಯೂ ಇರತಕ್ಕದ್ದಲ್ಲ.

ಕಪಾಟಿನ ಬಾಗಿಲಿನ ಪಟ್ಟಿಗೆ ನಲವತ್ತೆರಡನೆಯ ಸೂಚನೆಯನ್ನು ನಾನೇ ಸೇರಿಸಿದ್ದೇನೆ, ಕೆಂಪು ಶಾಯಿಯಲ್ಲಿ: ತೊಟ್ಟಿಯ ಮಾಲೀಕ ಖುದ್ದಾಗಿ ಹಾಜರಿರತಕ್ಕದ್ದು. ಮಹಡಿಯ ಕೋಣೆ ಖಾಲಿ ಇದೆ. ಕಿಟಕಿಯೂ ಇದೆ, ಆ ಬಾಟಲಿಯನ್ನು ತಾ.

ಬಾಗಿಲಿನ ಗಂಟೆ ಕೆಟ್ಟಿದೆ. ಬಡಿ. ನಾನು ಒಳಗಿನಿಂದ "ಬಂದೆ" ಎಂದು ಕೂಗುತ್ತೇನೆ, ನಿನಗೆ ಕೇಳಿಸುವುದಿಲ್ಲ. ಕೋಲು ಹುಡುಕಿಕೊಂಡು ಬಾಗಿಲಿಗೆ ಬರಲು ನನಗೆ ಐದು ನಿಮಿಷವಾದರೂ ಬೇಕು. ಯಾರೂ ಇಲ್ಲ ಎಂದುಕೊಂಡು ಹೊರಟುಹೋಗಬೇಡ.

ಅಕ್ಕ